ವೆಂಡೆಲ್ ತಟ್ಟಿ ನೋಡಿದ ದೋಣಿಗಳು

ಅಮೆರಿಕದ ಮಿನೆಸೋಟದ ಡಿಪ್ಪರ್ ಕೆರೆಯ ದಂಡೆಯಲ್ಲಿ ಮೂವತ್ತೊಂದು ವರ್ಷ ಸಂಸಾರ ಮಾಡಿದ ವೆಂಡೆಲ್ ಟ್ವೆಟೆನ್‌ಗೆ ಹೆಂಡತಿಯ ಯಾವ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. ಮಾರ್ಲಿಸ್ ಪೂರ್ತಿ ಮಾಡಿದ ವಾಕ್ಯಗಳೆಲ್ಲ ಚಳಿಯ ಬಗ್ಗೆ, ಕಾಫಿಯ ಬಗ್ಗೆ, ಪಕ್ಕದ ಮನೆಯವರ ನಾಯಿಯ ಬಗ್ಗೆ. ಅರ್ಧಕ್ಕೆ ಬಿಟ್ಟ ವಾಕ್ಯ ಬಂತೆಂದರೆ ಮಾತ್ರ ಅದು ಕೋರ್ಟಿನ ಆದೇಶ. ಮೇಲ್ಮನವಿಗೆ ಅವಕಾಶವಿಲ್ಲ.

ಏಪ್ರಿಲ್‌ನಲ್ಲಿ ಕೆರೆಯ ಮೇಲಿನ ಹಿಮಗಡ್ಡೆ ಒಡೆದ ದಿನ ಆಕೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು, ದಂಡೆಯಿಂದ ನೀರಿಗೆ ಚಾಚಿದ ತಮ್ಮ ಮರದ ಜೆಟ್ಟಿಯನ್ನೇ ನೋಡುತ್ತ ಹೇಳಿದಳು.

"ಜುಲೈ ನಾಲ್ಕರ ಬೋಟ್ ಮೆರವಣಿಗೆ ನಮ್ಮ ಜೆಟ್ಟಿಯಿಂದ ಚೆನ್ನಾಗೇ ಕಾಣತ್ತೆ. ನಾನೇನೂ ದೂರ್ತಾ ಇಲ್ಲ. ಮೂವತ್ತೊಂದು ವರ್ಷದಿಂದ ಅಲ್ಲೇ ನಿಂತ್ಕೊಂಡು ಬೋಟಲ್ಲಿ ಹೋಗೋರಿಗೆಲ್ಲ ಕೈ ಬೀಸಿದೀನಿ. ಒಂದೇ ಒಂದ್ಸಲ ಬೋಟಲ್ಲಿ ಕೂತು, ಜೆಟ್ಟಿ ಮೇಲಿರೋರಿಗೆ..."

ಅಷ್ಟೆ. ತಿರುಗಿ ಪಾತ್ರೆ ತೊಳೆಯಲು ಶುರುಮಾಡಿದಳು. ವೆಂಡೆಲ್ ಕೈಯಲ್ಲಿದ್ದ ಕಾಫಿಯನ್ನು ಮೆಲ್ಲಗೆ ಕೆಳಗಿಟ್ಟ.

ಅವರ ಮನೆಯಲ್ಲಿ ದೋಣಿ ಇಲ್ಲವೆಂದಲ್ಲ. ಮೀನು ಹಿಡಿಯುವ ಅಲ್ಯೂಮಿನಿಯಂ ದೋಣಿ ಒಂದಿತ್ತು. ಅದರಲ್ಲಿ ಇಬ್ಬರು ಆರಾಮವಾಗಿ ಕೂರಬಹುದು, ಮೂರನೆಯವರು ಉಸಿರು ಬಿಗಿಹಿಡಿದು ಕೂರಬಹುದು. ಆದರೆ ಸ್ವಾತಂತ್ರ್ಯ ದಿನದ ಆ ಮೆರವಣಿಗೆಯ ಹೊತ್ತಿಗೆ ಮಗಳು, ಅಳಿಯ, ನಾಲ್ಕು ಮೊಮ್ಮಕ್ಕಳು ಬರುತ್ತಾರೆ. ಮಾರ್ಲಿಸ್‌ಳ ತಂಗಿಯ ಗಂಡ ಡ್ವೇನ್ ಬಳಿ ದೊಡ್ಡ ದೋಣಿಯೇ ಇತ್ತು. ಆತ ಪ್ರತಿವರ್ಷ "ಬನ್ನಿ ಅತ್ತಿಗೆ, ಜಾಗ ಇದೆ" ಎಂದು ಕರೆಯುತ್ತಲೂ ಇದ್ದ. ಆದರೆ ಒಂದೇ ಸಲ ಕರೆಯುತ್ತಿದ್ದ. ಆ ಸೀಮೆಯಲ್ಲಿ ಮೊದಲ ಸಲ ಕರೆದಾಗ ಬೇಡ ಎನ್ನಬೇಕು, ಎರಡನೇ ಸಲ ಅಯ್ಯೋ ತೊಂದರೆ ಯಾಕೆ ಎನ್ನಬೇಕು, ಮೂರನೇ ಸಲ ಕರೆದರೆ ಮಾತ್ರ ಚಪ್ಪಲಿ ಮೆಟ್ಟಿಕೊಳ್ಳಬೇಕು. ಡ್ವೇನ್‌ಗೆ ಎರಡರವರೆಗೆ ಎಣಿಸುವ ತಾಳ್ಮೆಯೂ ಇರಲಿಲ್ಲ. ಹೀಗಾಗಿ ಮಾರ್ಲಿಸ್ ಮೂವತ್ತೊಂದು ವರ್ಷ ಜೆಟ್ಟಿಯ ಮೇಲೆಯೇ ಉಳಿದಳು.

ಬೇಕಾದದ್ದು ಬೋರೈಡರ್ ಎಂಬ ಜಾತಿಯ ದೋಣಿ. ಚಾಲಕನ ಮುಂದೆ ಗಾಜು, ಗಾಜಿನ ನಡುವೆ ಒಂದು ಪುಟ್ಟ ಬಾಗಿಲು, ಅದನ್ನು ದಾಟಿದರೆ ದೋಣಿಯ ಮೂತಿಯಲ್ಲೂ ಮೆತ್ತನೆ ಆಸನ. ಮಕ್ಕಳು ಅಲ್ಲಿ ಕೂತು ನೀರು ಎರಚಿಸಿಕೊಂಡು ಕಿರುಚುತ್ತಾರೆ, ದೊಡ್ಡವರು ಹಿಂದೆ ಕೂತು ಬೈಯುತ್ತಾರೆ. ಸಂಸಾರಸ್ಥರಿಗೆಂದೇ ಮಾಡಿದ್ದು. ಹೊಸದನ್ನು ಕೊಳ್ಳುವ ಮಾತು ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಸ್ಟಾಂಪು ಮಾರುವವನಿಗೆ ಹೇಳಿದ್ದಲ್ಲ. ಹಳೆಯದನ್ನೇ ಹುಡುಕಬೇಕು.

ಸರಿ, ವೆಂಡೆಲ್ ಅಭ್ಯಾಸಕ್ಕೆ ಕೂತ. ಹಳೆಯ ದೋಣಿ ಕೊಳ್ಳುವುದು ಹೇಗೆ ಎಂಬ ವಿಡಿಯೋಗಳನ್ನು ಹನ್ನೊಂದು ಗಂಟೆ ಕಾಲ ನೋಡಿದ. ಅಷ್ಟು ನೋಡಿದವನು ಸುಮ್ಮನಿರಬಹುದಿತ್ತು. ಅದು ಮನುಷ್ಯನಿಂದ ಆಗುವ ಕೆಲಸವಲ್ಲ.

ಭಾನುವಾರ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ, ಪ್ರಾರ್ಥನೆ ಮುಗಿದ ಮೇಲಿನ ಕಾಫಿಯ ಹೊತ್ತಿಗೆ, ಪಾದ್ರಿ ಓಸ್ಲಂಡ್ ಸುಮ್ಮನೆ ಮಾತಿಗೆ ಕೇಳಿದರು. "ಬೋಟ್ ನೋಡ್ತಾ ಇದೀರಂತೆ, ವೆಂಡೆಲ್?"

"ನೋಡೋದಲ್ಲ ಪಾದ್ರಿಗಳೇ, ಕೇಳಿಸ್ಕೊಳ್ಳೋದು," ಎಂದ ವೆಂಡೆಲ್. ಕಾಫಿ ಲೋಟ ಹಿಡಿದ ನಾಲ್ಕಾರು ತಲೆಗಳು ಇತ್ತ ತಿರುಗಿದವು. "ಬೋಟಿನ ಹಿಂಬದಿ ಹಲಗೆ ಇದೆ ನೋಡಿ, ಎಂಜಿನ್ ಭಾರನೆಲ್ಲ ಹೊತ್ಕೊಂಡಿರೋದು, ಅದರದೇ ಎಲ್ಲಾ ಕಥೆ. ಹೊರಗಡೆ ಫೈಬರ್ ಫಳಫಳ ಅಂತಿರತ್ತೆ. ಒಳಗಿನ ಮರ ಕೊಳೆತು ಲಡ್ಡು ಹಿಡಿದಿರತ್ತೆ. ಕಣ್ಣಿಗೆ ಕಾಣಲ್ಲ. ಸುತ್ತಿಗೆಯ ಹಿಡಿಯಿಂದ ತಟ್ಟಬೇಕು. ಗಟ್ಟಿ ಇದ್ರೆ ಠಣ್ ಅನ್ನತ್ತೆ, ಲಡ್ಡಾಗಿದ್ರೆ ದಬ್ ಅನ್ನತ್ತೆ."

"ಅದು ಎಲ್ಲರಿಗೂ ಗೊತ್ತಾಗತ್ತಾ?" ಪಾದ್ರಿಗಳು ಭಕ್ತಿಯಿಂದ ಕೇಳಿದರು.

"ಕಿವಿ ಬೇಕು," ಎಂದ ವೆಂಡೆಲ್. ಅಲ್ಲಿಗೇ ನಿಲ್ಲಿಸಬೇಕಿತ್ತು. "ನಾನು ಒಂದ್ಸಲ ತಟ್ಟಿದ್ರೆ ಸಾಕು."

ಆ ಊರಿನಲ್ಲಿ ಯಾರೂ ತನ್ನ ಬಗ್ಗೆ ಹಾಗೆ ಹೇಳಿಕೊಳ್ಳುವುದಿಲ್ಲ. ಯುದ್ಧದಲ್ಲಿ ಪದಕ ಗೆದ್ದು ಬಂದವನೂ "ಹೂಂ, ಅಲ್ಲಿ ಸ್ವಲ್ಪ ಗದ್ದಲ ಇತ್ತು" ಎಂದಷ್ಟೇ ಹೇಳಿ ಹುಲ್ಲು ಕತ್ತರಿಸಲು ಹೋಗುವ ಜಾಗ. ಅಂಥಲ್ಲಿ ಒಬ್ಬ ಮನುಷ್ಯ ಬಾಯಿಬಿಟ್ಟು "ನಾನು ತಟ್ಟಿದರೆ ಸಾಕು" ಎಂದನೆಂದರೆ, ಅವನಿಗೆ ನಿಜವಾಗಿ ಗೊತ್ತಿರುವುದು ಅದರ ಹತ್ತರಷ್ಟಿರಬೇಕು ಎಂದು ಜನ ಲೆಕ್ಕ ಹಾಕಿದರು. ಸೋಮವಾರ ಬೆಳಗಾಗುವಷ್ಟರಲ್ಲಿ ವೆಂಡೆಲ್ ಡಿಪ್ಪರ್ ಕೆರೆಯ ದೋಣಿ ವೈದ್ಯನಾಗಿದ್ದ.

ಮೊದಲು ತಟ್ಟಿದ್ದು ಡ್ವೇನ್‌ನ ದೋಣಿಯನ್ನೇ. ಅವನು ಇನ್ನೂ ದೊಡ್ಡದನ್ನು ಕೊಳ್ಳುವ ಹುಮ್ಮಸ್ಸಿನಲ್ಲಿ ತನ್ನ ಕೆಂಪು ಬೋರೈಡರನ್ನು ಮನೆಮುಂದಿನ ಹುಲ್ಲಿನ ಮೇಲೆ ಟ್ರೇಲರ್ ಸಮೇತ ನಿಲ್ಲಿಸಿ "ಮಾರಾಟಕ್ಕಿದೆ" ಎಂದು ಬರೆದಿಟ್ಟಿದ್ದ.

"ತಟ್ಟು, ತಟ್ಟು. ಎಷ್ಟು ಬೇಕಾದ್ರೂ ತಟ್ಟು," ಎಂದು ಡ್ವೇನ್ ಎದೆಯ ಮೇಲೆ ಕೈ ಕಟ್ಟಿ ನಿಂತ. "ನನ್ನ ಬೋಟಿನ ಮೇಲೆ ಒಂದು ಗೀರಿಲ್ಲ ನೋಡು."

ವೆಂಡೆಲ್ ಸುತ್ತಿಗೆಯನ್ನು ತಿರುಗಿಸಿ ಹಿಡಿದು ಎಡಗಡೆ ತಟ್ಟಿದ. ಬಲಗಡೆ ತಟ್ಟಿದ. ಮಧ್ಯದಲ್ಲಿ ತಟ್ಟಿದ. ಆಗ ಅವನಿಗೊಂದು ಸತ್ಯ ಹೊಳೆಯಿತು. ವಿಡಿಯೋದಲ್ಲಿ ಅಷ್ಟು ಸ್ಪಷ್ಟವಾಗಿದ್ದ ಠಣ್ ಮತ್ತು ದಬ್ ಇಲ್ಲಿ ಇರಲೇ ಇಲ್ಲ. ಇದ್ದದ್ದು ಒಂದೇ ಸದ್ದು, ಟಪ್. ಎಲ್ಲಿ ತಟ್ಟಿದರೂ ಟಪ್. ಅನುಮಾನ ಬಂದು ಟ್ರೇಲರಿನ ಚಕ್ರವನ್ನೂ ತಟ್ಟಿದ. ಅದೂ ಟಪ್.

"ಹ್ಮ್‌ಮ್..." ಎಂದ ವೆಂಡೆಲ್.

ಡ್ವೇನ್‌ನ ಮುಖದ ಬಣ್ಣ ಇಳಿಯಿತು. ಅದರಲ್ಲಿ ಅವನ ತಪ್ಪೇನೂ ಇಲ್ಲ. ಈ ಜನ ಯಾವುದನ್ನೂ ಚೆನ್ನಾಗಿಲ್ಲ ಎನ್ನುವುದಿಲ್ಲ. ಅಡುಗೆ ಬಾಯಿಗಿಡಲಾಗದಿದ್ದರೆ "ಇದು ಬೇರೆ ಥರ ಇದೆ" ಎನ್ನುತ್ತಾರೆ. ಮನೆಗೆ ಬೆಂಕಿ ಬಿದ್ದರೆ "ಸ್ವಲ್ಪ ಬೆಚ್ಚಗಾಯ್ತು" ಎನ್ನುತ್ತಾರೆ. ಅಂಥಲ್ಲಿ ಒಬ್ಬ ಬಲ್ಲವನು ಏನೂ ಹೇಳದೆ ಹ್ಮ್‌ಮ್ ಎಂದನೆಂದರೆ ಅದು ಮರಣೋತ್ತರ ಪರೀಕ್ಷೆಯ ವರದಿ.

"ಏನಾದ್ರೂ ಕೇಳಿಸ್ತಾ?" ಡ್ವೇನ್ ಸಣ್ಣ ದನಿಯಲ್ಲಿ ಕೇಳಿದ.

"ಇಲ್ಲ ಇಲ್ಲ, ಏನೂ ಕೇಳಿಸ್ಲಿಲ್ಲ," ಎಂದ ವೆಂಡೆಲ್. ಅವನ ಜೀವನದಲ್ಲಿ ಅಷ್ಟು ಪ್ರಾಮಾಣಿಕ ಮಾತು ಅವನು ಹೆಚ್ಚು ಆಡಿರಲಿಲ್ಲ. ಯಾರೂ ನಂಬಲಿಲ್ಲ.

ಸಂಜೆಯ ಹೊತ್ತಿಗೆ "ಮಾರಾಟಕ್ಕಿದೆ" ಹಲಗೆ ಮಾಯವಾಯಿತು. ದೋಣಿ ಗ್ಯಾರೇಜಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಬುಧವಾರ ಅದನ್ನು ಕೊಳ್ಳಲು ಬರಬೇಕಿದ್ದ ಪಟ್ಟಣದ ದಂಪತಿ ದಾರಿಯಲ್ಲಿ ಪೆಟ್ರೋಲು ಹಾಕಿಸಲು ನಿಂತು, ಅಲ್ಲಿ ಏನೋ ಕೇಳಿ, ಹಾಗೆಯೇ ತಿರುಗಿ ಹೋದರು. ಮಾರ್ಲಿಸ್‌ಳ ತಂಗಿ ಲವಾನ್ ವಾರಕ್ಕೆರಡು ಸಲ ಕಳಿಸುತ್ತಿದ್ದ ನಿಂಬೆಹಣ್ಣಿನ ಬರ್ಫಿ ನಿಂತೇ ಹೋಯಿತು.

"ಏನ್ ಹೇಳ್ಬಿಟ್ಟೆ ವೆಂಡೆಲ್ ನೀನು ಅವರಿಗೆ?" ಎಂದು ಮಾರ್ಲಿಸ್ ಕೇಳಿದಳು.

"ದೇವರಾಣೆಗೂ ಏನೂ ಹೇಳಿಲ್ಲ ಕಣೇ."

"ಅಯ್ಯೋ! ಏನೂ ಹೇಳಿಲ್ವಾ?" ಆಕೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. "ಅಷ್ಟು ಕೆಟ್ಟೋಗಿದ್ಯಾ ಅದು?"

ಅಲ್ಲಿಂದ ಮುಂದೆ ಅಂಚೆ ಕಚೇರಿಯ ಮುಂದೆ ಸಾಲು ಶುರುವಾಯಿತು. ಕಾಗದ ಹಾಕುವವರದಲ್ಲ, ದೋಣಿಗಳದ್ದು. ಟ್ರೇಲರಿಗೆ ಕಟ್ಟಿಕೊಂಡು ಬಂದು ನಿಲ್ಲಿಸಿ, ಒಳಗೆ ಬಂದು, ಬೇಕಿಲ್ಲದಿದ್ದರೂ ಎರಡು ಸ್ಟಾಂಪು ತೆಗೆದುಕೊಂಡು, ಬಾಗಿಲ ಬಳಿ ಹೋಗಿ ನೆನಪಾದವರಂತೆ ತಿರುಗಿ, "ಊಟದ ಬಿಡುವಿನಲ್ಲಿ ಹೊರಗಡೆ ಬಂದ್ರೆ... ಸುತ್ತಿಗೆ ಏನಾದ್ರೂ ಇದ್ರೆ..." ಎನ್ನುತ್ತಿದ್ದರು. ವೆಂಡೆಲ್‌ಗೆ ಇಲ್ಲವೆನ್ನಲು ಬರದು. ಹೋಗಿ ತಟ್ಟುತ್ತಿದ್ದ. ಟಪ್. ಚೆನ್ನಾಗಿದೆ ಎನ್ನೋಣವೆಂದರೆ, ನಾಳೆ ಅದು ಮುಳುಗಿದರೆ? ಕೆಟ್ಟಿದೆ ಎನ್ನೋಣವೆಂದರೆ ಆ ಪದವೇ ಆ ಊರಿನ ಬಾಯಲ್ಲಿ ಹೊರಳುವುದಿಲ್ಲ. ಹೀಗಾಗಿ ಎಲ್ಲದಕ್ಕೂ ಹ್ಮ್‌ಮ್. ಮೇ ತಿಂಗಳಲ್ಲಿ ಹದಿನೇಳು ದೋಣಿಗಳು ಹೀಗೆ ಹ್ಮ್‌ಮ್ ಅನ್ನಿಸಿಕೊಂಡು ತಲೆ ತಗ್ಗಿಸಿ ಮನೆಗೆ ಹೋದವು.

ಒಂದು ದಿನ ಪೊಲೀಸ್ ಅಧಿಕಾರಿಯೇ ಬಂದ. ಟೊಪ್ಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಬೇಜಾರ್ ಮಾಡ್ಕೋಬೇಡಿ ವೆಂಡೆಲ್. ಹೊರಗಡೆ ಆರು ಬೋಟು ನಿಂತಿವೆ. ಅಂಚೆ ವ್ಯಾನ್ ಒಳಗೆ ಬರೋಕಾಗ್ದೆ ರಸ್ತೇಲೇ ಸುತ್ತು ಹಾಕ್ತಾ ಇದೆ. ತಪ್ಪು ಅಂತ ಹೇಳ್ತಿಲ್ಲ. ಏನೋ ನೋಡಿದೆ, ಹೇಳಿದೆ."

"ಖಂಡಿತ ಸಾರ್, ಈಗ್ಲೇ ಎಲ್ಲರನ್ನೂ ಕಳಿಸ್ಬಿಡ್ತೀನಿ."

"ಅವಸರ ಇಲ್ಲ, ಅವಸರ ಇಲ್ಲ." ಅಧಿಕಾರಿ ಟೊಪ್ಪಿ ಹಾಕಿಕೊಂಡ, ಮತ್ತೆ ತೆಗೆದ. "ಏಳನೇದು ನಂದು. ನೀಲಿದು. ಆ ಮೂಲೇಲಿದೆ."

ಈ ವೈಭವದಲ್ಲಿ ಒಂದು ಸಣ್ಣ ತೊಂದರೆ ಯಾರ ಗಮನಕ್ಕೂ ಬಂದಿರಲಿಲ್ಲ. ವೆಂಡೆಲ್‌ಗೆ ದೋಣಿ ಸಿಗಲಿಲ್ಲ. ಆತ ತನ್ನ ಪಿಕಪ್ ಗಾಡಿಯಲ್ಲಿ ಹೆದ್ದಾರಿಗೆ ಇಳಿದರೆ ಸಾಕು, ಮನೆಮುಂದೆ ಮಾರಾಟಕ್ಕಿಟ್ಟ ದೋಣಿಗಳ ಮೇಲೆ ಟಾರ್ಪಾಲು ಬೀಳುತ್ತಿತ್ತು. "ಹೋಯ್ತು ಕಣಯ್ಯಾ, ನಿನ್ನೆ ತಾನೇ ಮಾರಿ ಹೋಯ್ತು," ಎಂದು ಟಾರ್ಪಾಲಿನ ಮೇಲೆ ಕೂತುಕೊಂಡೇ ಹೇಳಿದವರುಂಟು. ಒಬ್ಬ ಮಹಾರಾಯ ದೋಣಿಯ ಮುಂದೆ ಹುಲ್ಲಿನ ಬಣವೆಯನ್ನೇ ಒಟ್ಟಿ ನಿಂತಿದ್ದ. ಜೂನ್ ಹದಿನೈದಾಯಿತು, ಇಪ್ಪತ್ತಾಯಿತು. ಮಾರ್ಲಿಸ್ ಮೆರವಣಿಗೆಗೆಂದು ಕೆಂಪು, ಬಿಳಿ, ನೀಲಿ ಕಾಗದದ ಮಾಲೆಗಳನ್ನು ತಂದು ಊಟದ ಮೇಜಿನ ಮೇಲಿಟ್ಟಿದ್ದಳು. ಯಾವ ದೋಣಿಗೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ವೆಂಡೆಲ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ದಿನವೂ ಮಾಲೆಗಳನ್ನು ಅತ್ತ ಸರಿಸಿ ಊಟ ಮಾಡುತ್ತಿದ್ದ, ಗಂಟಲಲ್ಲಿ ತುತ್ತಿನ ಬದಲು ಮಾಲೆಯೇ ಇಳಿದಂತಾಗುತ್ತಿತ್ತು.

ಜೂನ್ ಇಪ್ಪತ್ತೆರಡರಂದು ಆರ್ಡಿಸಮ್ಮನ ಫೋನು ಬಂತು.

ಆರ್ಡಿಸಮ್ಮನಿಗೆ ಎಂಬತ್ತೊಂದು. ಗಂಡ ಸೆಲ್ಮರ್ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಬಿಳಿ ಬೋರೈಡರ್ ಅಂದಿನಿಂದಲೂ ಷೆಡ್ಡಿನಲ್ಲೇ ಇತ್ತು. ಬದುಕಿದ್ದ ಕೊನೆಯ ಚಳಿಗಾಲದಲ್ಲಿ, ಡಾಕ್ಟರು ಮೆಟ್ಟಿಲು ಹತ್ತಬೇಡ ಎಂದಿದ್ದಾಗ, ಸೆಲ್ಮರ್ ಆ ದೋಣಿಯ ಹಿಂಬದಿಯ ಹಲಗೆಯನ್ನು ಕಿತ್ತು, ತಾನೇ ಹೊಸದು ಮಾಡಿ ಕೂರಿಸಿದ್ದ. ನೋಡಲು ಬಂದವರೆಲ್ಲ ಆಗ "ಬೇರೆ ಥರ ಇದೆ" ಎಂದಿದ್ದರು. ಆ ಮಾತು ಆಕೆಯ ಎದೆಯಲ್ಲಿ ಮೂರು ವರ್ಷದಿಂದ ಮುಳ್ಳಿನಂತೆ ಕೂತಿತ್ತು.

"ವೆಂಡೆಲ್, ನಿಂಗೆ ಬೇಕಾದ್ರೆ ತಗೋ, ಬೇಡಾದ್ರೆ ಬಿಡು," ಎಂದಳು ಆರ್ಡಿಸಮ್ಮ. "ಆದ್ರೆ ಶನಿವಾರ ಬಂದು ತಟ್ಟು. ಎಲ್ಲರನ್ನೂ ಕರ್ದಿದೀನಿ. ಕಾಫಿ, ಕೇಕು ಇರತ್ತೆ. ಸೆಲ್ಮರ್ ಮಾಡಿದ ಕೆಲಸ ಹೇಗಿದೆ ಅಂತ ನೀನು ಹೇಳಿದ್ದನ್ನ ಎಲ್ಲರೂ ಕೇಳ್ಲಿ."

ಶನಿವಾರ ಷೆಡ್ಡಿನ ಮುಂದೆ ಅರವತ್ತು ಜನ ಸೇರಿದ್ದರು. ಪಾದ್ರಿಗಳಿದ್ದರು. ಪೊಲೀಸ್ ಅಧಿಕಾರಿ ಇದ್ದ. ಡ್ವೇನ್ ಮತ್ತು ಲವಾನ್ ಅತ್ತ ಮುಖ ಮಾಡಿ ನಿಂತಿದ್ದರು. ದೋಣಿ ರಿಪೇರಿಯ ಟ್ರೂಡಿ, ಕೆರೆಯ ಆಚೆ ದಂಡೆಯಲ್ಲಿ ಇಪ್ಪತ್ತು ವರ್ಷದಿಂದ ಗ್ಯಾರೇಜು ನಡೆಸುವವಳು, ಕೇಕಿನ ಮೇಜಿನ ಪಕ್ಕ ನಿಂತು ಮೂರನೇ ತುಂಡು ತಿನ್ನುತ್ತಿದ್ದಳು. ಷೆಡ್ಡಿನ ಬಾಗಿಲು ತೆರೆದಾಗ ಬಿಳಿ ದೋಣಿ ಹೊರಬಂತು. ಆಸನಗಳ ಹೊಲಿಗೆ ಬಿಟ್ಟಿರಲಿಲ್ಲ, ಗಾಜು ಮಾಸಿರಲಿಲ್ಲ. ಮಾರ್ಲಿಸ್ ಒಂದು ಹೆಜ್ಜೆ ಮುಂದೆ ಬಂದು, ಯಾರೂ ನೋಡುತ್ತಿಲ್ಲವೆಂದುಕೊಂಡು, ಮುಂದಿನ ಆಸನವನ್ನು ಒಮ್ಮೆ ಸವರಿದಳು. ವೆಂಡೆಲ್ ನೋಡಿದ.

ಆತ ಸುತ್ತಿಗೆ ತಿರುಗಿಸಿದ. ಕೇಕು ಅಗಿಯುತ್ತಿದ್ದ ಬಾಯಿಗಳು ನಿಂತವು.

ಎಡಗಡೆ ಟಪ್. ಬಲಗಡೆ ಟಪ್. ಮಧ್ಯದಲ್ಲಿ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಉಸಿರು ಹಿಡಿದು ತಟ್ಟಿದ. ಟಪ್.

ವೆಂಡೆಲ್ ತಲೆ ಎತ್ತಿದ. ಆರ್ಡಿಸಮ್ಮ ಎರಡೂ ಕೈಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಅವನ ಬಾಯನ್ನೇ ನೋಡುತ್ತಿದ್ದಳು. ಹ್ಮ್‌ಮ್ ಎಂದರೆ ಸೆಲ್ಮರ್‌ನನ್ನು ಇನ್ನೊಮ್ಮೆ ಹೂತಂತೆ. ಚೆನ್ನಾಗಿದೆ ಎಂದರೆ, ಆ ಮೂತಿಯ ಮೇಲೆ ಕೂರುವವು ತನ್ನ ನಾಲ್ಕು ಮೊಮ್ಮಕ್ಕಳು, ಕೆಳಗೆ ನಲವತ್ತು ಅಡಿ ನೀರು. ಅವನು ಸುತ್ತಿಗೆಯನ್ನು ನೆಲದ ಮೇಲಿಟ್ಟ.

"ನಂಗೆ ಗೊತ್ತಿಲ್ಲ," ಎಂದ ವೆಂಡೆಲ್.

"ಏನಂದೆ?" ಎಂದಳು ಆರ್ಡಿಸಮ್ಮ.

"ಗೊತ್ತಾಗಲ್ಲ ನಂಗೆ, ಆರ್ಡಿಸಮ್ಮ. ಠಣ್ ಅನ್ನೋದೂ ಗೊತ್ತಾಗಲ್ಲ, ದಬ್ ಅನ್ನೋದೂ ಗೊತ್ತಾಗಲ್ಲ. ಎಲ್ಲಾ ಬೋಟೂ ಒಂದೇ ಥರ ಕೇಳಿಸತ್ತೆ. ಚರ್ಚಲ್ಲಿ ಬಾಯಿಗೆ ಬಂದಿದ್ದು ಕೊಚ್ಚಿಕೊಂಡೆ. ಕ್ಷಮಿಸ್ಬಿಡಿ."

ಒಬ್ಬ ಮನುಷ್ಯ ಇಷ್ಟು ನೇರವಾಗಿ ಮಾತಾಡಿದ್ದನ್ನು ಆ ಊರು ಬಹುಶಃ ಮೊದಲ ಸಲ ಕೇಳುತ್ತಿತ್ತು. ಕೆಲವರು ಎಲ್ಲಿ ನೋಡಬೇಕೆಂದು ತಿಳಿಯದೆ ತಮ್ಮ ಬೂಟು ನೋಡಿಕೊಂಡರು.

"ಹಾಗಾದ್ರೆ ನನ್ ಬೋಟು?" ಹಿಂದಿನಿಂದ ಡ್ವೇನ್‌ನ ದನಿ ಕೀರಲಾಗಿ ಬಂತು.

"ಅದೂ ಗೊತ್ತಾಗ್ಲಿಲ್ಲ, ಡ್ವೇನ್."

"ಅಯ್ಯೋ ಪಾಪಿ! ಹಿಂದ್ಗಡೆ ಪೂರ್ತಿ ಬಿಚ್ಚಿ ಹಾಕಿದೀನಲ್ಲೋ! ಗರಗಸ ಇಟ್ಟು ಕೊಯ್ದಿದೀನಿ! ಒಳಗಡೆ ಮರ ಹೊಸಾ ಮದುವೆ ಮಂಚದ ಥರ ಇತ್ತು ಕಣೋ! ಕೊಯ್ದಾದ್ಮೇಲೂ, ವೆಂಡೆಲ್ ಸುಮ್ನೆ ಹೇಳಿರಲ್ಲ ಅಂತ ಇನ್ನೂ ಒಂದಡಿ ಕೊಯ್ದೆ!"

"ನಾನು ಹೇಳಿದ್ನಲ್ಲ, ಏನೂ ಕೇಳಿಸ್ಲಿಲ್ಲ ಅಂತ."

"ಅದನ್ಯಾರು ನಂಬ್ತಾರೆ?" ಎಂದ ಡ್ವೇನ್. ಅವನ ಮುಖ ಅರ್ಧ ಸಿಟ್ಟಿನಲ್ಲಿ, ಅರ್ಧ ಅಳುವಿನಲ್ಲಿತ್ತು. ಆಮೇಲೆ ಎರಡೂ ಸೇರಿ ನಗುವಾಗಿ ಸಿಡಿಯಿತು. ಎಷ್ಟೆಂದರೂ ತನ್ನ ದೋಣಿ ಒಳ್ಳೆಯದೇ ಎಂದು ಎರಡು ತಿಂಗಳ ಮೇಲೆ ಕೇಳಿದವನು ಅವನು.

ಅಷ್ಟು ಸಾಕಾಯಿತು, ಕಟ್ಟೆ ಒಡೆಯಿತು. "ನಾನೂ ಮನೆಗೋಗಿ ತಟ್ಟಿ ನೋಡ್ದೆ, ನಂಗೂ ಟಪ್ ಅಂತ್ಲೇ ಕೇಳಿಸ್ತು," ಎಂದ ಪೊಲೀಸ್ ಅಧಿಕಾರಿ. "ನಂಗೆ ಕಿವಿ ಸರಿಯಿಲ್ಲ ಅಂದ್ಕೊಂಡು ಡಾಕ್ಟರ ಹತ್ರ ಹೋಗ್ಬಂದೆ," ಎಂದಳೊಬ್ಬಳು. ಪಾದ್ರಿ ಓಸ್ಲಂಡ್ ಸ್ವಲ್ಪ ಹಿಂದೆಮುಂದೆ ನೋಡಿ, ಉಪದೇಶದ ಪೀಠವನ್ನು ತಾವು ಪ್ರತಿ ಶನಿವಾರ ಸಂಜೆ ತಟ್ಟಿ ನೋಡುತ್ತಿದ್ದುದಾಗಿ ಒಪ್ಪಿಕೊಂಡರು. ಹದಿನೇಳು ದೋಣಿಯವರು ಒಬ್ಬರ ಕೈ ಒಬ್ಬರು ಹಿಡಿದು ಕುಲುಕಿದರು. ಯಾವುದೋ ದೊಡ್ಡ ಕಾಯಿಲೆ ಇಲ್ಲವೆಂದು ಆಸ್ಪತ್ರೆಯಿಂದ ಹೊರಬಂದವರ ಕಳೆ ಎಲ್ಲರ ಮುಖದಲ್ಲೂ ಇತ್ತು.

ಆದರೆ ಆರ್ಡಿಸಮ್ಮ ಅಲ್ಲೇ ನಿಂತಿದ್ದಳು, ಕೈ ಇನ್ನೂ ಏಪ್ರನ್ನಿನಲ್ಲೇ. "ಹಾಗಾದ್ರೆ ಇದು ಹೇಗಿದೆ ಅಂತ ಯಾರು ಹೇಳ್ತಾರೆ?" ಎಂದಳು. ನಗು ನಿಂತಿತು.

"ನಾನ್ ಹೇಳ್ತೀನಿ," ಎಂದಳು ಟ್ರೂಡಿ, ಬೆರಳಿಗಂಟಿದ ಕೇಕನ್ನು ನೆಕ್ಕಿಕೊಂಡು.

"ನೀನು ಇಷ್ಟ್ ದಿನ ಎಲ್ಲಿದ್ದೆ?" ಎಂದು ಡ್ವೇನ್ ಕಿರುಚಿದ.

"ಇಲ್ಲೇ ಇದ್ದೆ. ಯಾರೂ ಕೇಳ್ಲಿಲ್ಲ. ಕೇಳ್ದೆ ಹೋಗಿ ಹೇಳೋಕೆ ನಾನೇನು ಬೇರೆ ಊರಿನೋಳಾ?"

ಟ್ರೂಡಿ ತನ್ನ ಗಾಡಿಯಿಂದ ಪೆಟ್ಟಿಗೆ ತಂದಳು. ತೇವ ಅಳೆಯುವ ಪುಟ್ಟ ಯಂತ್ರವನ್ನು ಹಲಗೆಯ ಉದ್ದಕ್ಕೂ ಒತ್ತಿ ನೋಡಿದಳು. ಒಳಗಿನಿಂದ, ಕಣ್ಣಿಗೆ ಬೀಳದ ಕಡೆ, ಸೂಜಿಯಷ್ಟು ಸಣ್ಣ ತೂತು ಕೊರೆದು, ಹೊರಬಂದ ಮರದ ಪುಡಿಯನ್ನು ಅಂಗೈ ಮೇಲೆ ಉಜ್ಜಿ, ಮೂಸಿ, ಊದಿದಳು. ಎಂಜಿನ್ನಿನ ನಾಲ್ಕೂ ಸಿಲಿಂಡರುಗಳ ಒತ್ತಡ ನೋಡಿದಳು. ದೋಣಿ ಹತ್ತಿ, ಅದರ ನೆಲದ ಮೇಲೆ ಹಿಮ್ಮಡಿ ಊರಿ ಮೂಲೆಯಿಂದ ಮೂಲೆಗೆ ನಡೆದಳು. ಮುಕ್ಕಾಲು ಗಂಟೆ ಹಿಡಿಯಿತು. ಒಬ್ಬರೂ ಮನೆಗೆ ಹೋಗಲಿಲ್ಲ. ಕೊನೆಗೆ ಆಕೆ ಕೈ ಒರೆಸಿಕೊಂಡು, ಆರ್ಡಿಸಮ್ಮನ ಎದುರು ಬಂದು ನಿಂತಳು.

"ಪರವಾಗಿಲ್ಲ," ಎಂದಳು ಟ್ರೂಡಿ.

ಡಿಪ್ಪರ್ ಕೆರೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮದುವೆಯ ದಿನ ವಧುವಿಗೂ ಅಷ್ಟು ಸಿಗುವುದಿಲ್ಲ. ಆರ್ಡಿಸಮ್ಮ ಏಪ್ರನ್ನನ್ನು ಮುಖಕ್ಕೆ ಒತ್ತಿಕೊಂಡು ಅತ್ತೇಬಿಟ್ಟಳು. ಸುತ್ತ ನಿಂತವರೆಲ್ಲ ಆಕೆಗೆ ಮುಜುಗರವಾಗದಿರಲೆಂದು ಇದ್ದಕ್ಕಿದ್ದಂತೆ ಮಳೆ ಬರುವ ಬಗ್ಗೆ ಜೋರಾಗಿ ಚರ್ಚಿಸತೊಡಗಿದರು.

ಬೆಲೆಯ ಮಾತು ಅರ್ಧ ಗಂಟೆ ಹಿಡಿಯಿತು, ಏಕೆಂದರೆ ಆರ್ಡಿಸಮ್ಮ ಇಳಿಸುತ್ತಲೇ ಹೋದಳು, ವೆಂಡೆಲ್ ಏರಿಸುತ್ತಲೇ ಹೋದ. ಪಾದ್ರಿಗಳು ಮಧ್ಯೆ ಬಂದು ಇಬ್ಬರನ್ನೂ ಹಿಡಿದು ನಿಲ್ಲಿಸಬೇಕಾಯಿತು. ಕೈ ಕುಲುಕಿದ ಮೇಲೆ ಆರ್ಡಿಸಮ್ಮ ದೋಣಿಯ ಮೂತಿಯ ಮೇಲೊಮ್ಮೆ ಕೈ ಇಟ್ಟು, "ಇದರಲ್ಲಿ ನಂಗೆ ಎಡಗಡೆ ಸೀಟು. ಸೆಲ್ಮರ್ ಓಡಿಸೋನು, ನಾನು ಅಲ್ಲಿ ಕೂರೋಳು. ಹೋಗ್ಲಿ ಬಿಡು," ಎಂದು ಮನೆಯತ್ತ ತಿರುಗಿದಳು.

ಮಾರ್ಲಿಸ್ ಹಿಂದೆಯೇ ಓಡಿದಳು. "ಆರ್ಡಿಸಮ್ಮ, ಮೆರವಣಿಗೆಗೆ ನಮ್ಮ ಜೊತೆ ಬನ್ನಿ."

"ಬೇಡಮ್ಮ, ನಿಮ್ಮ ಸಂಸಾರ ಇರತ್ತೆ."

"ಬನ್ನಿ ಆರ್ಡಿಸಮ್ಮ, ಜಾಗ ಇದೆ."

"ಅಯ್ಯೋ ನಿಮಗ್ಯಾಕೆ ತೊಂದ್ರೆ."

"ಬರ್ಲೇಬೇಕು ನೀವು."

"ಎಷ್ಟ್ ಗಂಟೆಗೆ ತಯಾರಾಗಿರ್ಲಿ?" ಎಂದಳು ಆರ್ಡಿಸಮ್ಮ.

ಮೆರವಣಿಗೆಯ ಹಿಂದಿನ ದಿನ ದೋಣಿಗೆ ಕಾಗದದ ಮಾಲೆ ಕಟ್ಟುವಾಗ ವೆಂಡೆಲ್‌ಗೆ ಸ್ಟೀರಿಂಗಿನ ಪಕ್ಕ ಬಡಿದಿದ್ದ ಚಿಕ್ಕ ತಗಡು ಕಣ್ಣಿಗೆ ಬಿತ್ತು. ಗರಿಷ್ಠ ಎಂಟು ಜನ. ಬೆರಳು ಮಡಚಿ ಎಣಿಸಿದ. ಮಗಳು, ಅಳಿಯ, ನಾಲ್ಕು ಮಕ್ಕಳು, ಮಾರ್ಲಿಸ್, ಆರ್ಡಿಸಮ್ಮ. ಎಂಟಾಯಿತು. ತನ್ನದೆಂಬ ಒಂಬತ್ತನೇ ಬೆರಳು ಸುಮ್ಮನೆ ಎದ್ದು ನಿಂತಿತ್ತು.

"ಒಬ್ಬರು ಹೆಚ್ಚಾಯ್ತಲ್ಲೇ," ಎಂದ ವೆಂಡೆಲ್. "ಅಂದ್ರೆ ಓಡಿಸೋರು ಯಾರು?"

"ನಾನು," ಎಂದಳು ಮಾರ್ಲಿಸ್, ಮಾಲೆಯಿಂದ ತಲೆ ಎತ್ತದೆ. "ನಮ್ಮಪ್ಪನ ಹೊಲದಲ್ಲಿ ಒಂಬತ್ತನೇ ವಯಸ್ಸಿಂದ ಟ್ರಾಕ್ಟರ್ ಓಡಿಸಿದೀನಿ."

"ಇಷ್ಟು ವರ್ಷ ಹೇಳ್ಲೇ ಇಲ್ಲ?"

"ನೀನು ಕೇಳ್ಲಿಲ್ಲ."

ನಿಜ ಹೇಳಬೇಕೆಂದರೆ ವೆಂಡೆಲ್‌ಗೆ ಆದಷ್ಟು ಸಮಾಧಾನ ಆ ಬೇಸಿಗೆಯಲ್ಲಿ ಯಾರಿಗೂ ಆಗಲಿಲ್ಲ. ಎಂಟು ಜೀವಗಳನ್ನು ಹೊತ್ತ ದೋಣಿಯನ್ನು ನಲವತ್ತು ದೋಣಿಗಳ ಮಧ್ಯೆ, ಊರೆಲ್ಲ ನೋಡುತ್ತಿರುವಾಗ ತಾನು ನಡೆಸಬೇಕು ಎಂಬ ಯೋಚನೆಯಲ್ಲಿ ಅವನು ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಆ ರಾತ್ರಿ ಆಲೂಗಡ್ಡೆ ಹೊದಿಸಿ ಬೇಯಿಸಿದ ಮಾಂಸದ ಹಾಟ್‌ಡಿಶ್ ಅನ್ನು ಮೂರು ಸಲ ಹಾಕಿಸಿಕೊಂಡ.

ಜುಲೈ ನಾಲ್ಕರ ಮಧ್ಯಾಹ್ನ ಬಿಸಿಲು ಹಿತವಾಗಿತ್ತು. ಅಕ್ಕಪಕ್ಕದ ಜೆಟ್ಟಿಗಳ ಮೇಲೆಲ್ಲ ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ವೆಂಡೆಲ್ ತನ್ನ ಜೆಟ್ಟಿಯ ತುದಿಯಲ್ಲಿ ಒಬ್ಬನೇ ನಿಂತಿದ್ದ. ಮೆರವಣಿಗೆ ಕೆರೆಯ ತಿರುವು ದಾಟಿ ಬಂತು. ಡ್ವೇನ್ ಹಿಂಬದಿಗೆ ತರಾತುರಿಯಲ್ಲಿ ಹೊಸ ಹಲಗೆ ಬಡಿದ ಕೆಂಪು ದೋಣಿಯಲ್ಲಿ ಲವಾನ್ ಜೊತೆ ಹೋದ. ಪೊಲೀಸ್ ಅಧಿಕಾರಿ ನೀಲಿಯದರಲ್ಲಿ ಹೋದ. ಅದರ ಹಿಂದೆ ಬಿಳಿ ದೋಣಿ.

ಮೂತಿಯ ಮೇಲೆ ನಾಲ್ಕು ಮೊಮ್ಮಕ್ಕಳು ಲೈಫ್ ಜಾಕೆಟ್ಟಿನಲ್ಲಿ ಊದಿಕೊಂಡು ಕಿರುಚುತ್ತಿದ್ದವು. ಎಡಗಡೆಯ ಆಸನದಲ್ಲಿ ಆರ್ಡಿಸಮ್ಮ ಟೊಪ್ಪಿ ಹಿಡಿದುಕೊಂಡು ನೆಟ್ಟಗೆ ಕೂತಿದ್ದಳು. ಮಾರ್ಲಿಸ್ ಒಂದು ಕೈ ಸ್ಟೀರಿಂಗಿನ ಮೇಲಿಟ್ಟು, ಇನ್ನೊಂದರಿಂದ ಎಡದ ಜೆಟ್ಟಿಗೊಮ್ಮೆ ಬಲದ ಜೆಟ್ಟಿಗೊಮ್ಮೆ ಬೀಸುತ್ತ ಬಂದಳು, ಒಬ್ಬರನ್ನೂ ಬಿಡಲಿಲ್ಲ. ತನ್ನ ಮನೆಯ ಮುಂದೆ ಬಂದಾಗ ಮಾತ್ರ ಎಂಜಿನ್ನಿನ ವೇಗ ಇಳಿಸಿದಳು. ಕೈ ಬೀಸಲಿಲ್ಲ. ಎದ್ದು ನಿಂತಳು.

"ವೆಂಡೆಲ್!" ಎಂದು ಕೂಗಿದಳು, ಇಡೀ ಕೆರೆಗೆ ಕೇಳುವಂತೆ. "ನಂಗೆ ತುಂಬಾ ಸಂತೋಷ ಆಗಿದೆ ಕಣೋ! ನೀನಂದ್ರೆ ನಂಗೆ ಪ್ರಾಣ!"

ಕೆರೆಯ ಎರಡೂ ದಂಡೆಗಳಲ್ಲಿ ಬೀಸುತ್ತಿದ್ದ ಕೈಗಳು ಗಾಳಿಯಲ್ಲೇ ನಿಂತುಬಿಟ್ಟವು. ಹಿಂದಿನ ದೋಣಿಯವನು ಬೆಚ್ಚಿ ಹಾರ್ನ್ ಒತ್ತಿದ. ಮೂವತ್ತೊಂದು ವರ್ಷದಲ್ಲಿ ಮಾರ್ಲಿಸ್ ಆ ವಾಕ್ಯವನ್ನು ಪೂರ್ತಿ ಮಾಡಿದ್ದು ಅದೇ ಮೊದಲು. ವೆಂಡೆಲ್‌ನ ಕಿವಿ, ಮೂಗು, ಕುತ್ತಿಗೆ ಎಲ್ಲ ಕೆಂಪಾದವು. ಆತ ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೇ ಸಲಕ್ಕೆ ದನಿ ಹೊರಟಿತು.

"ನಂಗೂ ಕಣೇ!" ಎಂದು ಕೂಗಿದ.

ಅಕ್ಕಪಕ್ಕದ ಜೆಟ್ಟಿಯವರು, ಇನ್ನೊಬ್ಬರ ಸಂಸಾರದ ಮಾತು ಕಿವಿಗೆ ಬಿದ್ದ ತಪ್ಪಿಗೆ, ಕುರ್ಚಿಗಳನ್ನು ಸದ್ದಾಗದಂತೆ ಎತ್ತಿ ಮನೆಗಳ ಕಡೆ ತಿರುಗಿಸಿಕೊಂಡು ಕೂತರು.